ನಮ್ಮ ನೀರಿನ ರೊಟ್ಟಿ

ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತ ಮೊದಲಿಗ ನಾನು. ಬಿ.ಎ. ಪಾಸಾದ ಮೊದಲಿಗನೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಿಜಯಪುರದಲ್ಲಿ ಓದುವಾಗ ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ಕೋಣೆಯೊಂದರಲ್ಲಿ ನಾಲ್ಕು ವರ್ಷ ಕಳೆದೆ. ವಾರಕ್ಕೊಮ್ಮೆ ನಮ್ಮೂರು ಬಿಜ್ಜರಗಿಯಿಂದ ಅವ್ವನ ರೊಟ್ಟಿಗಂಟು ಬಸ್ಸಿನಲ್ಲಿ ಬರುತ್ತಿತ್ತು. ವಾರದ ಕೊನೆಗೆ ಹಪ್ಪಳದಂತೆ ಮುರಿಯುತ್ತಿದ್ದ ಆ ರೊಟ್ಟಿ ತಿಂದೇ ನಾನು ಪರೀಕ್ಷೆ ಬರೆದದ್ದು.

ಪಾಸಾದ ವರ್ಷವೇ ಬಬಲೇಶ್ವರದ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ಅರವತ್ತರ ದಶಕದ ಆರಂಭ ಅದು. ಹೆಡ್‌ಮಾಸ್ತರರು ಹಿರಿಯರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮಾತು ಕಡಿಮೆ. ಒಂದು ಬುಧವಾರ ಸಾಲಿ ಬಿಟ್ಟ ಮೇಲೆ ನನ್ನನ್ನು ಕರೆದು, "ಮಾಸ್ತರ, ನಿಮ್ಮನ್ನ ಓದಿಸಿದ ತಾಯಿ-ತಂದೀನ ಒಮ್ಮೆ ನೋಡಬೇಕ್ರಿ. ಬರೂ ಐತವಾರ ಸಂಜೀಕ ಬರ್ತೀನಿ. ಊಟಾನೂ ಅಲ್ಲೇ ಆಗ್ಲಿ," ಎಂದರು. ಪಕ್ಕದಲ್ಲಿದ್ದ ಚಿತ್ರಕಲೆಯ ಮಾಸ್ತರ, ನನ್ನ ಓರಗೆಯವನು, ತಾನೂ ಬರುತ್ತೇನೆಂದ.

ನನಗೆ ಖುಷಿಯ ಜೊತೆಗೇ ಅಳುಕೂ ಆಯಿತು. ನಮ್ಮದು ಊರ ಹೊರಗಿನ ಕೇರಿ. ನಮ್ಮ ಹತ್ತು ಮನೆಗಳು ಬೌದ್ಧ ಧರ್ಮಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಧರ್ಮ ಬದಲಾಗಿತ್ತು, ನೀರು ಸೇದುವ ಬಾವಿ ಬದಲಾಗಿರಲಿಲ್ಲ. ಊರೊಳಗಿನವರು ಯಾರೂ ಅದುವರೆಗೆ ನಮ್ಮ ಮನೆಯಲ್ಲಿ ಒಂದು ತುತ್ತು ಉಂಡವರಲ್ಲ. ಹೆಡ್‌ಮಾಸ್ತರರಿಗೆ ನಮ್ಮ ಜಾತಿ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದರು. ಆದರೆ ಬಬಲೇಶ್ವರದಲ್ಲಿ ನಿಂತು ಊಟಕ್ಕೆ ಬರುತ್ತೇನೆ ಎನ್ನುವುದು ಬೇರೆ, ಬಿಜ್ಜರಗಿಯ ನಮ್ಮ ಪಡಸಾಲೆಯಲ್ಲಿ ಕುಳಿತು ತಾಟಿಗೆ ಕೈ ಹಾಕುವುದು ಬೇರೆ.

ಮನೆಯಲ್ಲಿ ಏನು ಮಾಡುವುದೆಂಬ ಮಾತು ಮೂರು ದಿನ ನಡೆಯಿತು. ಅಪ್ಪ ಹೇಳಿದ: "ಅಕ್ಕಿ, ಬ್ಯಾಳಿ, ಬೆಲ್ಲ ಒಂದು ಗಂಟು ಕಟ್ಟಿ ಕೈಯಾಗ ಕೊಡೂಣು. ಅವರ ಮನ್ಯಾಗ ಮಾಡ್ಕೊಂಡು ಉಣ್ಣಲಿ. ಅವರ ಮಾನಾನೂ ಉಳೀತು, ನಮ್ಮದೂ ಉಳೀತು." ನಮ್ಮಂಥವರು ದೊಡ್ಡವರಿಗೆ 'ಊಟ ಹಾಕುತ್ತಿದ್ದ' ರೀತಿ ಅದೇ ಆಗಿತ್ತು.

ಅವ್ವ ಒಪ್ಪಲಿಲ್ಲ. "ಗಂಟು ಒಯ್ಯಾಕ ಅವರೇನು ಕಿರಾಣಿ ಅಂಗಡಿಗೆ ಬರಾಕತ್ತಾರೇನು? ನಾ ದಶಮಿ ಮಾಡ್ತೀನಿ."

ದಶಮಿ ಅಂದರೆ ನೀರು ಮುಟ್ಟಿಸದೆ ಬರೀ ಹಾಲಿನಲ್ಲಿ ಹಿಟ್ಟು ನಾದಿ ಮಾಡುವ ರೊಟ್ಟಿ. ಅವ್ವ ಮೊದಲು ಟಿಕೋಟಾದ ಒಂದು ದೊಡ್ಡ ಮನೆತನದ ವಾಡೆಯಲ್ಲಿ ಅಂಗಳ ಬಳಿಯುವ ಕೆಲಸಕ್ಕಿದ್ದಳು. ಆ ಮನೆಯ ಮುದುಕಿ ಪರಊರಿಗೆ ಹೊರಟಾಗ ದಶಮಿಯನ್ನೇ ಕಟ್ಟಿಕೊಳ್ಳುತ್ತಿದ್ದಳಂತೆ. ಮೈಲಿಗೆ ಹತ್ತುವುದು ನೀರಿಗೆ, ಹಾಲಿಗಲ್ಲ ಎಂಬುದು ಅವರ ಲೆಕ್ಕ.

ನನಗೆ ಸಿಟ್ಟು ಬಂತು. "ಅಂದ್ರ ನಮ್ಮ ನೀರು ಮೈಲಿಗಿ ಅಂತ ನೀನ ಒಪ್ಪಿದಂಗಾತಲ್ಲ ಬೇ. ನೀರು ಹಾಕಿ ರೊಟ್ಟಿ ಮಾಡು. ಉಂಡ್ರ ಉಣ್ಣಲಿ, ಇಲ್ಲಂದ್ರ ಎದ್ದು ಹೋಗಲಿ."

"ಎದ್ದು ಹ್ವಾದ್ರ ಯಾರ ಮಾರಿ ಸಣ್ಣದಾಗತೈತಿ? ನಿನ್ನದು. ನಾಳಿ ಅವರ ಕೈಕೆಳಗ ನೌಕರಿ ಮಾಡಾವ ನೀನು." ಆಮೇಲೆ ಅಪ್ಪನ ಕಡೆ ತಿರುಗಿ, "ನೋಡ್ರಿ, ಬಿ.ಎ. ಕಲತು ಬಂದು ನನಗ ರೊಟ್ಟಿ ಕಲಿಸಾಕತ್ತಾನ," ಎಂದು ಚುಚ್ಚಿದಳು.

ಒಲೆಯ ಮುಂದಿನ ಅಧಿಕಾರ ಅವಳದು. ಐತವಾರ ಮಧ್ಯಾಹ್ನ ಊರೊಳಗಿಂದ ಒಂದು ತಂಬಿಗೆ ಎಮ್ಮೆ ಹಾಲು ತಂದು ಮುಚ್ಚಿಟ್ಟಳು. ಸಂಜೆಯ ಬಸ್ಸು ಟಿಕೋಟಾದವರೆಗೆ ಮಾತ್ರ ಬರುತ್ತಿದ್ದರಿಂದ ನಾನು ಎತ್ತಿನ ಚಕ್ಕಡಿ ಹೂಡಿಸಿಕೊಂಡು ಅಲ್ಲಿಗೆ ಹೋದೆ.

ಅತಿಥಿಗಳನ್ನು ಕರೆತಂದಾಗ ಹೊತ್ತು ಮುಳುಗುತ್ತಿತ್ತು. ಅಂಗಳಕ್ಕೆ ಕಾಲಿಡುತ್ತಲೇ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ದಶಮಿಯನ್ನು ಮೆತ್ತಗೆ ತಟ್ಟುತ್ತಾರೆ, ಅದು ಹೀಗೆ ಸಪ್ಪಳ ಮಾಡುವುದಿಲ್ಲ. ಅವರನ್ನು ಕಂಬಳಿಯ ಮೇಲೆ ಕೂರಿಸಿ ಒಳಗೆ ಹೋಗಿ ನೋಡಿದರೆ ಹಾಲಿನ ತಂಬಿಗೆ ಇಟ್ಟಲ್ಲೇ ಇತ್ತು. ಒಲೆಯ ಮೇಲೆ ಹಿಟ್ಟು ನಾದುವ ನೀರಿನ ಎಸರು ಕುದಿಯುತ್ತಿತ್ತು. ಪಕ್ಕದಲ್ಲಿ ನಮ್ಮ ಎಂದಿನ ಅಗಲವಾದ ಜೋಳದ ರೊಟ್ಟಿಗಳು.

"ಯಾಕ ಬೇ?" ಎಂದೆ ಮೆಲ್ಲಗೆ.

ಅವ್ವ ತಲೆ ಎತ್ತಲಿಲ್ಲ. "ನೀ ಹ್ವಾದ ಮ್ಯಾಲೆ ವಿಚಾರ ಮಾಡಿದೆ. ದಶಮಿ ಹಾಕಿದ್ರ ಅವರು ಉಣ್ಣತಿದ್ರು. ಆದ್ರ ನನ್ನ ಮನ್ಯಾಗ ಉಂಡ್ರೋ, ಎಮ್ಮಿ ಹಾಲು ಉಂಡ್ರೋ, ನನಗ ಹೆಂಗ ತಿಳೀಬೇಕು? ಹೋಗು, ತಾಟು ಇಡು."

ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಚಿತ್ರಕಲೆಯ ಮಾಸ್ತರ ಸರಸರ ಉಣ್ಣತೊಡಗಿದ. ಹೆಡ್‌ಮಾಸ್ತರರ ಕೈ ತಾಟಿನ ಅಂಚಿಗೆ ಬಂದು ನಿಂತಿತು. ಅವರ ಮನೆಯಲ್ಲಿ ಅವರ ತಂದೆ, ತಂದೆಯ ತಂದೆ ಯಾರೂ ದಾಟದ ಗೆರೆ ಅದು. ಆ ಕ್ಷಣಕ್ಕೆ ನಾನು ಈಗಲೂ ಅವರನ್ನು ದೂರುವುದಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

ಅವರು ರೊಟ್ಟಿ ಮುರಿದರು. ಪಲ್ಯ ಸುತ್ತಿ ಬಾಯಿಗಿಟ್ಟು ನಿಧಾನ ಅಗಿದು ನುಂಗಿದರು. ಆಮೇಲೆ ಒಳಗಿನ ಕಡೆ ಮುಖ ಮಾಡಿ, "ತಂಗೆವ್ವಾ, ಬದನಿಕಾಯಿಗೆ ಉಪ್ಪು ಚೂರು ಹೆಚ್ಚಾಗೇತಿ ನೋಡು," ಎಂದರು.

ನನಗೆ ನಾಚಿಕೆಯಾಯಿತು. ಅವ್ವನಿಗೆ ಆಗಲಿಲ್ಲ. ಸೆರಗು ಎಳೆದುಕೊಂಡು ಬಾಗಿಲಿಗೆ ಬಂದು, "ಆಗಿರಬೇಕ್ರಿ ಗುರುಗಳ. ಗಡಿಬಿಡ್ಯಾಗ ಹಾಕೀನಿ. ಮೊಸರು ಕಲಿಸ್ಕೋರಿ, ಸರಿಹೋಗತೈತಿ," ಎಂದಳು. ಪರರ ಮನೆಯಲ್ಲಿ ಯಾರೂ ಉಪ್ಪಿನ ತಕರಾರು ತೆಗೆಯುವುದಿಲ್ಲ, ಅದನ್ನು ತಮ್ಮವರ ಮನೆಯಲ್ಲಿ ಮಾತ್ರ ತೆಗೆಯುತ್ತಾರೆಂದು ನನಗಿಂತ ಮೊದಲು ಅವಳಿಗೆ ಹೊಳೆದಿತ್ತು.

"ಒಂದು ಬಿಸೀದು ಹಾಕು ಮತ್ತ. ಕುಡ್ಯಾಕ ನೀರೂ ತಾ," ಎಂದರು ಅವರು. ಅಪ್ಪ ತಾನೇ ತಂಬಿಗೆ ತುಂಬಿ ತಂದ. ಅವರು ಎತ್ತಿ ಗಟಗಟ ಕುಡಿದರು. ಅಪ್ಪನನ್ನೂ ಕೂಡ್ರಿ ಎಂದು ಕರೆದರು. ಅವನಿಗೆ ಧೈರ್ಯ ಬರಲಿಲ್ಲ, ಬಾಗಿಲಲ್ಲೇ ಉಳಿದ.

ಪದವಿಯ ಕಾಗದ ಕೈಗೆ ಬಂದ ದಿನ ನಾನು ಹೆಮ್ಮೆಪಟ್ಟದ್ದು ನಿಜ. ಆದರೆ ಅದು ನನ್ನೊಬ್ಬನ ಹೆಮ್ಮೆ. ಅವ್ವ ಅದನ್ನು ಓದಲಾರಳು. ಈ ಸಂಜೆ ನಡೆದದ್ದನ್ನು ಅವಳು ಕಣ್ಣಾರೆ ಕಂಡಳು.

ಮರುದಿನ ಬೆಳಗ್ಗೆ ನಮ್ಮ ಬಾವಿಯ ಹತ್ತಿರ ಕೇರಿಯ ಹೆಂಗಸರು ಅವ್ವನನ್ನು ಸುತ್ತುವರಿದಿದ್ದರು. ಯಾವಳೋ ಕೇಳಿದಳು: "ಖರೇನ ಉಂಡ್ರೇನ ಯಕ್ಕಾ? ಎಷ್ಟು ರೊಟ್ಟಿ ಉಂಡ್ರು?"

"ಐದು," ಎಂದಳು ಅವ್ವ, ಕೊಡ ಎತ್ತಿಕೊಳ್ಳುತ್ತ.

ನಾನು ಅಲ್ಲೇ ಹಲ್ಲುಜ್ಜುತ್ತ ನಿಂತಿದ್ದೆ. ಹೆಡ್‌ಮಾಸ್ತರರು ಉಂಡದ್ದು ಮೂರು. ನಾನು ಹಲ್ಲುಜ್ಜುವುದನ್ನು ಮುಂದುವರಿಸಿದೆ.