ಸಿತ್ ಬಲ್ಕೀಸ್ ಮತ್ತು ನೀರು ಕಾಣದ ಗೋಪುರ

ಬಸ್ರಾದ ಅನಿಲ ಕಾರ್ಖಾನೆಗಳಲ್ಲಿ ಗೋಪುರ ಎತ್ತಿ ನಿಲ್ಲಿಸಿದವರು ಬಹಳ ಮಂದಿ. ಅದರ ಹೊಟ್ಟೆಗೆ ಏನು ತುಂಬಬೇಕು, ಹೇಗೆ ತುಂಬಬೇಕು ಎಂದು ಇಡೀ ಸೇವಾವಧಿ ತಲೆ ಕೆಡಿಸಿಕೊಂಡವರು ಇಂಜಿನಿಯರ್ ಬಲ್ಕೀಸ್ ಫರ್ಹೂದ್. ನಾವೆಲ್ಲ ಗೌರವದಿಂದ ‘ಸಿತ್’ ಎಂದು ಕರೆಯುವ ಅವರು ಈಗ ನಿವೃತ್ತರಾಗುತ್ತಿದ್ದಾರೆ.

ಗೋಪುರದೊಳಗೆ ಅನಿಲ ಮೇಲೇರಬೇಕು, ದ್ರವ ಕೆಳಗಿಳಿಯಬೇಕು. ಎರಡೂ ಪಿಂಗಾಣಿ ಉಂಗುರಗಳ ರಾಶಿಯಲ್ಲಿ ಸಂಧಿಸಿ ಅನಿಲದ ಕೊಳೆ ಕಳೆಯಬೇಕು. ಉಂಗುರ ಒಡೆದರೆ ಚೂರು ದಾರಿ ಕಟ್ಟುತ್ತದೆ. ಅದಕ್ಕೇ ಮೊದಲು ಗೋಪುರಕ್ಕೆ ನೀರು ತುಂಬಿಸಿ, ಉಂಗುರ ಅದರಲ್ಲಿ ಮೆಲ್ಲಗೆ ಮುಳುಗುವಂತೆ ಸುರಿಯಬೇಕು. ಸೇವೆಗೆ ಸೇರಿದ ದಿನದಿಂದ ಸಿತ್ ಇದನ್ನು ಹೇಳುತ್ತಲೇ ಬಂದರು. ಕಿವಿಗೆ ಹಾಕಿಕೊಂಡವರು ಕಡಿಮೆ.

ಅವರು ವಿಭಾಗದ ಮುಖ್ಯಸ್ಥೆಯಾದ ಹೊಸತರಲ್ಲಿ ಎರಡನೇ ಗೋಪುರದ ಆರಂಭೋತ್ಸವ ಬಂತು. ನಮ್ಮ ಪದ್ಧತಿಯಂತೆ ಬುಡದಲ್ಲಿ ಕುರಿ ಕುಯ್ದು, ಉಕ್ಕಿನ ಮೇಲೆ ರಕ್ತದ ಅಂಗೈ ಒತ್ತಿಯಾಗಿತ್ತು. ಅನ್ನ ಬೇಯುತ್ತಿತ್ತು. ಸಿತ್ ಅವರ ಕಣ್ಣು ಮಾತ್ರ ಗೋಪುರದ ನೀರು ಹರಿದುಹೋಗುವ ಚರಂಡಿಯ ಮೇಲಿತ್ತು. ಅಲ್ಲಿ ಧೂಳು ಹಾರುತ್ತಿತ್ತು.

“ಉಸ್ತಾ ಗದ್ಬಾನ್, ತುಂಬಿಸಿದ ನೀರು ಎಲ್ಲಿಗೆ ಬಿಟ್ರಿ? ಕುಡಿದುಬಿಟ್ರಾ?”

ಮೇಸ್ತ್ರಿ ಗದ್ಬಾನ್ ಮೀಸೆ ಸವರಿಕೊಂಡರು. “ಟ್ಯಾಂಕರ್ ಬರ್ಲಿಲ್ಲ ಸಿತ್, ನೀರಿಲ್ದೇ ಸುರಿದ್ವಿ. ಆದ್ರೂ ಮೆತ್ತಗೆ, ಮಗುನ ತೊಟ್ಟಿಲಿಗೆ ಹಾಕ್ದಂಗೆ.”

“ಅಷ್ಟೆತ್ತರದಿಂದ ಹಾಕ್ತೀರಾ ಮಗುನ? ಬಿಚ್ಚಿ.”

ನಿರ್ದೇಶಕ ಶೌಕತ್ ಕೆಂಡವಾದರು. “ಅತಿಥಿಗಳು ಬಾಗಿಲಲ್ಲಿದಾರೆ! ಒಳಗೆಲ್ಲ ಸರಿಯಿದ್ರೆ ನಾಳೆಯಿಂದ ಆ ಕುರ್ಚಿ ನಿಮ್ದಲ್ಲ.”

“ಆಗ್ಲಿ. ಬಿಚ್ಚಿ.”

ಕೆಳಗಿನ ಕಿಂಡಿ ತೆಗೆದದ್ದೇ ತಡ, ಪಿಂಗಾಣಿ ಚೂರುಗಳು ಗಲಗಲನೆ ಸುರಿದು ನಿರ್ದೇಶಕರ ಬೂಟು ಮುಚ್ಚಿದವು. ಅವರು ಗದ್ಬಾನರ ಮೇಲೆ ತಿರುಗಿಬಿದ್ದಾಗ ಸಿತ್ ನಡುವೆ ನಿಂತರು.

“ತುಂಬುವಾಗ ನಾನು ನಿಂತು ನೋಡ್ಬೇಕಿತ್ತು. ಬಯ್ಯೋದಿದ್ರೆ ನನ್ನ ಬಯ್ರಿ.”

ಅತಿಥಿಗಳು ಉಂಡು ಹೋದರು. ಗದ್ಬಾನ್ ತಲೆ ತಗ್ಗಿಸಿ ಕೇಳಿದರು: “ಸಿತ್, ಮತ್ತೆ ಶುರು ಮಾಡುವಾಗ ಇನ್ನೊಂದು ಕುರಿ ತರ್ಲಾ?”

“ಕುರಿ ಏನು ತಪ್ಪು ಮಾಡಿತ್ತು? ಟ್ಯಾಂಕರ್ ತನ್ನಿ.”

ಮತ್ತೆ ನೀರಲ್ಲಿ ಉಂಗುರ ತುಂಬಿದ ಆ ಗೋಪುರ ಇಂದಿಗೂ ಓಡುತ್ತಿದೆ. ಅಂಥವರ ಕೈಕೆಳಗೆ ದುಡಿದೆವೆಂದು ಎದೆಯುಬ್ಬಿಸಿ ಹೇಳುತ್ತೇವೆ. ಯಾರಿಗೆ ಬೇಸರವಾದರೂ ಸರಿಯೇ. ಬರುವ ಚಳಿಗಾಲಕ್ಕೆ ಮೂರನೇ ಗೋಪುರಕ್ಕೆ ಹೊಸ ಉಂಗುರ ತುಂಬುತ್ತೇವೆ. ಸಿತ್ ಬಲ್ಕೀಸರ ಆಯಸ್ಸು ಗಟ್ಟಿಯಾಗಿರಲಿ, ನಾಲಗೆ ಹೀಗೇ ಚುರುಕಾಗಿರಲಿ. ಆ ಗೋಪುರ ಶುರುವಾಗುವ ದಿನ ಅವರು ಬರಲಿ, ನಮ್ಮ ಸಲಾಮಿಗೂ ಮೊದಲು ಚರಂಡಿ ನೋಡಲಿ. ಒದ್ದೆಯಾಗಿರುತ್ತದೆ.