ಹುಡುಗಿಯರ ಫೈನಲ್‌ಗೆ ಜನ ಕೂಡಿಸಿದ್ದು

ನಾಗಪುರದಲ್ಲಿ ಜನ ಸೇರಿಸುವುದು ದೊಡ್ಡ ವಿದ್ಯೆಯೇನಲ್ಲ. ರಸ್ತೆ ಬದಿಯಲ್ಲಿ ಜೆಸಿಬಿ ನಿಲ್ಲಿಸಿ ಒಂದು ಗುಂಡಿ ತೋಡಲು ಶುರುಮಾಡಿದರೆ ಸಾಕು. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಗುಂಡಿಯ ಆಳದ ಬಗ್ಗೆ ತಮ್ಮ ಅಭಿಪ್ರಾಯ ಹೇಳಿಯೇ ಮುಂದೆ ಹೋಗುವ ಜನ ನಮ್ಮವರು. ಇಂಥ ಊರಿನಲ್ಲಿ ನನ್ನ ಮಗಳ ಆಟಕ್ಕೆ ಮಾತ್ರ ನೋಡುವವರು ಸಿಗುತ್ತಿರಲಿಲ್ಲ.

ಆಟ ಆಸ್ಟ್ರೇಲಿಯಾದ ಫುಟ್‌ಬಾಲ್. ಅದು ನಮ್ಮ ಬಡಾವಣೆ ಮನೀಶ್ ನಗರದ ತನಕ ಹೇಗೆ ನಡೆದುಕೊಂಡು ಬಂತು ಎಂದು ನನ್ನನ್ನು ಕೇಳಬೇಡಿ. ಮಗಳ ಕಾಲೇಜಿನ ಪಿ.ಟಿ. ಮಾಸ್ತರರು ಯಾವುದೋ ಶಿಬಿರಕ್ಕೆ ಹೋಗಿದ್ದರು, ಬರುವಾಗ ಪಪ್ಪಾಯಿಯ ಆಕಾರದ ಒಂದು ಚೆಂಡು ತಂದರು, ಅಷ್ಟೇ. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಗಳ ನೆಡುತ್ತಾರೆ. ನಮ್ಮಲ್ಲಿ ಪೆಂಡಾಲಿನವನಿಂದ ತಂದ ಬಿದಿರು. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಬೇಕಾದರೆ ಎದುರಾಳಿಯ ಹೆಗಲ ಮೇಲೆ ಮೊಣಕಾಲೂರಿ ಆಕಾಶದಿಂದ ಕಿತ್ತುಕೊಳ್ಳಬಹುದು. ನಡುವಿನ ಎರಡು ಗಳಗಳ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೂ ಒಂದು ಅಂಕ. ತಪ್ಪಿದವರಿಗೂ ಏನಾದರೊಂದು ಕೊಟ್ಟು ಕಳಿಸುವ ಈ ಪದ್ಧತಿ ಸರ್ಕಾರಿ ನೌಕರರ ಕುಟುಂಬದವಳಾದ ನನಗೆ ಕೂಡಲೇ ಅರ್ಥವಾಯಿತು.

ಗಂಡುಹುಡುಗರ ಫೈನಲ್‌ಗೆ ಮೈದಾನ ತುಂಬುತ್ತಿತ್ತು. ಅದರ ಗುಟ್ಟು ತರ್ರಿ ಪೋಹೆ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ. ವಾರ್ಡಿನ ಕಾರ್ಪೊರೇಟರ ಕಡೆಯವರು ಒಂದು ದೊಡ್ಡ ಪಾತೆಲೆ ಇಡಿಸುತ್ತಿದ್ದರು. ಪಾತೆಲೆಯ ತಳ ಕಂಡ ಕೂಡಲೇ ಕ್ರೀಡಾಪ್ರೇಮಿಗಳು ಕೈ ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಆದರೂ ಅಷ್ಟು ಹೊತ್ತು ನಿಂತಿದ್ದರಲ್ಲ, ಫೋಟೊದಲ್ಲಿ ಬಿದ್ದಿದ್ದರಲ್ಲ, ಅದೇ ಲೆಕ್ಕ. ಹುಡುಗಿಯರ ಪಂದ್ಯಕ್ಕೆ ಪಾತೆಲೆ ಇರಲಿಲ್ಲ. ಮೈದಾನದ ಸುತ್ತ ವಾಕಿಂಗ್ ಮಾಡುವ ನಿವೃತ್ತರು ಮಾತ್ರ ಇರುತ್ತಿದ್ದರು. ಅವರ ಮುಖ ರಸ್ತೆಯ ಕಡೆಗೆ, ಬೆನ್ನು ಆಟದ ಕಡೆಗೆ. ಚೆಂಡು ಕಾಲಿಗೆ ಬಂದರೆ ಅದನ್ನು ಎತ್ತಿಕೊಡುವ ಬದಲು, "ಬೇಟಾ, ಯೇ ವಾಕಿಂಗ್ ಟ್ರ್ಯಾಕ್ ಹೈ," ಎಂದು ಪಾಠ ಹೇಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಮೈದಾನ ನೋಡಿಕೊಳ್ಳುವ ಕಾಲೊನಿ ಸಮಿತಿಯ ಸೆಕ್ರೆಟರಿ ಹುಡುಗಿಯರನ್ನು ಕರೆದು ನೇರವಾಗಿ ಹೇಳಿಬಿಟ್ಟರು. ಮೈದಾನವನ್ನು ಕ್ರಿಕೆಟ್ ಕೋಚಿಂಗಿನವರು ಕೇಳುತ್ತಿದ್ದಾರೆ. ನಿಮ್ಮ ಆಟಕ್ಕೆ ಪಬ್ಲಿಕ್ಕೇ ಇಲ್ಲ. ಫೈನಲ್ ದಿನ ನಾನೇ ಬಂದು ನೋಡುತ್ತೇನೆ; ಜನ ಇದ್ದರೆ ಮುಂದಿನ ವರ್ಷವೂ ಆಡಿ, ಇಲ್ಲದಿದ್ದರೆ ಬಿದಿರು ಬಿಚ್ಚಿಕೊಂಡು ಹೋಗಿ. ಹುಡುಗರಿಗೂ ಇದೇ ಷರತ್ತಿದೆಯೇ ಎಂದು ಮಗಳು ಕೇಳಿದಳಂತೆ. "ಉನಕಾ ತೋ ಕ್ರೌಡ್ ರಹತಾ ಹೈ," ಎಂದರಂತೆ. ಹಸಿದವನಿಗೆ ಊಟ ಹಾಕದೆ, ಉಂಡವನನ್ನು ತೋರಿಸಿ, ನೋಡು ಅವನು ಹೇಗೆ ತೇಗುತ್ತಾನೆ ಎನ್ನುವ ನ್ಯಾಯ.

ಮಗಳು ಮನೆಗೆ ಬಂದು ಬೂಟು ಬಿಚ್ಚದೆಯೇ ಕೂತಳು. "ಆಯೀ, ಗ್ರೌಂಡ್ ಹೋದ್ರ ಟೀಮೇ ಖತಂ. ಬಾಕಿ ಜಗಾನೇ ಇಲ್ಲ ನಮಗ."

ನಮ್ಮ ಮನೆಯ ಕನ್ನಡ ಹೀಗೆಯೇ. ನಾನು ಹುಟ್ಟಿದ್ದು, ಓದಿದ್ದು ನಾಗಪುರದಲ್ಲೇ. ಕನ್ನಡ ಸಿಕ್ಕಿದ್ದು ಅಜ್ಜ-ಅಜ್ಜಿಯ ಬಾಯಿಂದ, ಮದುವೆಯಾದ ಮೇಲೆ ಅತ್ತೆಯ ಬಾಯಿಂದ. ಮಗಳಿಗೆ ಅದರಲ್ಲಿ ಉಳಿದದ್ದು ಸಿಕ್ಕಿತು.

ಅತ್ತೆ ಗದಗಿನ ಕಡೆಯವರು. ರೈಲ್ವೆಯಲ್ಲಿದ್ದ ಮಾವನವರಿಗೆ ವರ್ಗವಾದಾಗ ಇಲ್ಲಿಗೆ ಬಂದವರು, ಮಾವ ಹೋದ ಮೇಲೂ ಇಲ್ಲೇ ಉಳಿದವರು. ಹುಡುಗಿಯರ ತಂಡಕ್ಕೆ ಇದ್ದ ಏಕೈಕ ಖಾಯಂ ಪ್ರೇಕ್ಷಕರೆಂದರೆ ಅವರೇ. ಪ್ರತಿ ಪಂದ್ಯಕ್ಕೂ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಸ್ವೆಟರಿನ ಮೇಲೆ ಶಾಲು ಹೊದ್ದು ಕೂತು, ಎರಡೂ ತಂಡಗಳನ್ನು ಸಮನಾಗಿ ಬೈಯುತ್ತಿದ್ದರು. "ಏ ಉದ್ದನ್ ಜಡಿಯಾಕಿ, ಚೆಂಡ ಹಿಡ್ಕೊಂಡು ಫೋಟೊಕ್ಕ ನಿಂತೀಯೇನ? ಒದಿ!"

ನಾನು ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ. ನಮ್ಮ ಹುಡುಗಿ ಆಡುತ್ತಿದ್ದಾಳೆ, ಎಲ್ಲರೂ ಬನ್ನಿ ಎಂದು. ಹೆಬ್ಬೆರಳುಗಳ ಮಳೆ ಸುರಿಯಿತು. ಕೈಮುಗಿದ ಚಿತ್ರಗಳು, ಕನ್ನಡದ ಕುವರಿಗೆ ಜಯವಾಗಲಿ, ಭುವನೇಶ್ವರಿಯ ಆಶೀರ್ವಾದ. ಪಂದ್ಯಕ್ಕೆ ಬಂದವರು ಯಾರೂ ಇಲ್ಲ. ಒಬ್ಬರು ಬಂದಿದ್ದರು, ಅವರು ಮೈದಾನದ ಪಕ್ಕದ ಡೇರಿಗೆ ಹಾಲಿಗಾಗಿ ಬಂದವರು, ನನ್ನನ್ನು ಕಂಡು ನಾಚಿಕೆಯಿಂದ ಎರಡು ನಿಮಿಷ ನಿಂತು, ಇದು ರಗ್ಬಿಯೇ ಎಂದು ಕೇಳಿ ಹೋದರು.

ಆಗ ಉಪಾಯ ಹೊಳೆದದ್ದು ನನ್ನ ನೆರೆಮನೆಯ ಮರಾಠಿ ಗೆಳತಿಗೆ. ಅವಳ ಮಗಳೂ ಅದೇ ತಂಡದಲ್ಲಿದ್ದಳು. ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಈ ಊರಿನ ಹೆಂಗಸರೆಲ್ಲ ಅರಿಶಿನ-ಕುಂಕುಮಕ್ಕಾಗಿ ಮನೆಯಿಂದ ಮನೆಗೆ ತಿರುಗುತ್ತಾರೆ. ಕರೆದ ಮನೆಯಲ್ಲಿ ಕುಂಕುಮ ಹಚ್ಚಿ, ಎಳ್ಳು-ಬೆಲ್ಲ ಕೊಟ್ಟು, ಕೈಗೊಂದು ಉಡುಗೊರೆ ಇಡುತ್ತಾರೆ. ಅದಕ್ಕೆ ವಾಣ ಎನ್ನುತ್ತಾರೆ. ಎಲ್ಲರೂ ಎಲ್ಲರಿಗೂ ಚಹಾ ಸೋಸುವ ಜಾಲರಿ ಕೊಡುವುದರಿಂದ, ಪ್ರತಿ ಮನೆಯಲ್ಲೂ ಒಂದು ಹೋಟೆಲು ನಡೆಸುವಷ್ಟು ಜಾಲರಿಗಳಿವೆ. ಆದರೂ ಯಾರೂ ತಪ್ಪಿಸುವುದಿಲ್ಲ. "ಈ ಸಲ ಮನೀಗೆ ಕರಿಯೂದ ಬ್ಯಾಡ. ಗ್ರೌಂಡಿಗೇ ಕರಿಯೂಣು," ಎಂದಳು ಗೆಳತಿ, ನಮ್ಮ ಸಹವಾಸದಲ್ಲಿ ಅವಳಿಗೂ ಅತ್ತೆಯ ಕನ್ನಡವೇ ಬಂದುಬಿಟ್ಟಿದೆ. ಸೆಮಿಫೈನಲ್ ದಿನ ಅವಳ ಮನೆಯದು, ಫೈನಲ್ ದಿನ ನಮ್ಮದು ಎಂದು ಗೊತ್ತಾಯಿತು.

ಸೆಮಿಫೈನಲ್ ದಿನ ನಾಲ್ಕು ಗಂಟೆಗೆ ಮೈದಾನ ರೇಷ್ಮೆ ಅಂಗಡಿಯಂತಾಯಿತು. ಗೆಳತಿ ಹಿಗ್ಗಿ ಹೀರೇಕಾಯಿಯಾಗಿ ಎಲ್ಲರಿಗೂ ಕುಂಕುಮ ಹಚ್ಚಿದಳು, ವಾಣ ಕೊಟ್ಟಳು. ಮಾಸ್ತರರು ಸೀಟಿ ಊದಿ ಚೆಂಡನ್ನು ನೆಲಕ್ಕೆ ಕುಕ್ಕಿ ಆಟ ಶುರುಮಾಡಿದರು. ಅಷ್ಟರಲ್ಲಿ ಹೆಂಗಸರು ಎದ್ದರು. ಒಬ್ಬರಲ್ಲ, ಇಬ್ಬರಲ್ಲ, ಎಲ್ಲರೂ. "ಚಲಾ ಚಲಾ, ಇನ್ನೂ ನಾಲ್ಕ್ ಮನಿ ಅದಾವು," ಎಂದು ಚಪ್ಪಲಿ ಹುಡುಕಿದರು. ತಪ್ಪು ಅವರದ್ದಲ್ಲ. ಕುಂಕುಮ ಹಚ್ಚಿಸಿಕೊಂಡ ಮೇಲೆ ಏಳುವುದೇ ಪದ್ಧತಿ. ಕುಂಕುಮ ಹಚ್ಚುವುದೆಂದರೆ, ತಾಯಿ, ನೀನಿನ್ನು ಹೊರಡು ಎಂದು ಮರ್ಯಾದೆಯಿಂದ ಹೇಳುವುದೇ. ಹುಟ್ಟಿದಾಗಿನಿಂದ ಇದನ್ನು ಮಾಡಿಕೊಂಡು ಬಂದ ನಾವಿಬ್ಬರು ಬುದ್ಧಿವಂತೆಯರು, ಬಂದವರನ್ನು ನಮ್ಮ ಕೈಯಾರೆ ಬೀಳ್ಕೊಟ್ಟು, ಆಮೇಲೆ ಆಟ ಶುರುಮಾಡಿಸಿದ್ದೆವು.

ಖಾಲಿ ಕುರ್ಚಿಗಳ ಎದುರು ಹುಡುಗಿಯರು ಸೆಮಿಫೈನಲ್ ಗೆದ್ದರು. ಅತ್ತೆ ನಗುವುದನ್ನು ನಿಲ್ಲಿಸಲಿಲ್ಲ. "ಉಂಡ ಮ್ಯಾಲೆ ಎಲಿ ಹಾಕಿದ್ರೇನವಾ? ಮುಂದಿನ ಸಲ ಕುಂಕುಮದ ಭರಣಿ ನನ್ನ ಕಡೆ ಕೊಡು."

"ನಿಮ್ಮ ಕಡೆ?" ಎಂದೆ. 

ವಿಧವೆಯರಿಗೆ ಅರಿಶಿನ-ಕುಂಕುಮ ಇಲ್ಲ. ಈಗ ಕಾಲ ಬದಲಾಗಿದೆ ಎಂದು ಸಭೆಗಳಲ್ಲಿ ಭಾಷಣವಾಗುತ್ತದೆ. ಮಹಿಳಾ ದಿನಾಚರಣೆಗೆ ಅತ್ತೆಯಂಥವರನ್ನು ವೇದಿಕೆಗೆ ಕರೆದು ಹೂಗುಚ್ಛವನ್ನೂ ಕೊಡುತ್ತಾರೆ. ಭಾಷಣ ಮಾಡಿದವರೇ ಸಂಕ್ರಾಂತಿಗೆ ನಮ್ಮ ಮನೆ ಬಾಗಿಲಿಗೆ ಬಂದು, "ನೀವೊಬ್ರೇ ಬನ್ನಿ ಆಯ್ತಾ," ಎಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಅತ್ತೆಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.

"ನನ್ನ ಕಡೇನ ಕೊಡು," ಎಂದರು ಅವರು. "ಯಾರ ಬಂದು ಕೇಳ್ತಾರ ನೋಡೂಣು."

ಫೈನಲ್ ಭಾನುವಾರ ಬಂತು. ಎದುರು ತಂಡ ಕೋರಾಡಿಯ ವಿದ್ಯುತ್ ಕಾಲೊನಿಯದು. ಬಸ್ಸಿನಲ್ಲಿ ಹಾಡುತ್ತ ಬಂದ ಗಟ್ಟಿ ಹುಡುಗಿಯರು. ನಾನು ಕಾಲೊನಿಯನ್ನೆಲ್ಲ ಕರೆದಿದ್ದೆ. ಹೆಂಗಸರು ಬಂದರು, ಕೂತರು, ಹಣೆ ಮುಂದೆ ಮಾಡಿದರು. ನಾನು ಎಳ್ಳು-ಬೆಲ್ಲ ಕೊಟ್ಟೆ, ಚಹಾ ಕೊಟ್ಟೆ. ಕುಂಕುಮ ಮಾತ್ರ ಇಲ್ಲ. ಆಟದ ಮೊದಲ ಭಾಗ ಮುಗಿಯುವ ಹೊತ್ತಿಗೆ ಗುಸುಗುಸು ಎದ್ದಿತು.

ಎಲ್ಲರ ಪರವಾಗಿ ಕೇಳಿದವರು ನಮ್ಮ ಮೇಲಿನ ಮನೆಯವರು. ಮೈಸೂರಿನ ಕಡೆಯವರು, ಯಜಮಾನರು ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿದ್ದವರು. ಶಾಸ್ತ್ರ ಸಂಪ್ರದಾಯದಲ್ಲಿ ಕಾಲೊನಿಗೇ ಅವರು ಸುಪ್ರೀಂ ಕೋರ್ಟು. "ಏನ್ರೀ ಇದು? ಕುಂಕುಮ ಹಚ್ಚಿ ಕಳಿಸ್ಬಾರ್ದಾ? ಹೊತ್ತಾಗ್ತಾ ಇದೆ."

"ಹಚ್ಚೋಣ್ರಿ. ಭರಣಿ ಅತ್ತಿಯವ್ರ ಹತ್ರ ಐತಿ. ಒಂಚೂರು ಇಸ್ಕೊಂಡ್ ಬರ್ರಿ," ಎಂದೆ ನಾನು, ಆಟದಿಂದ ಕಣ್ಣು ಕೀಳದೆ.

ಎಲ್ಲರೂ ತಿರುಗಿ ನೋಡಿದರು. ಮೈದಾನದ ಆ ತುದಿಯಲ್ಲಿ, ಬಿದಿರುಗಳ ಹತ್ತಿರ, ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬೆಳ್ಳಿಯ ಭರಣಿ. ಬೋಳು ಹಣೆ. ಎರಡೂ ಕೈ ಭರಣಿಯ ಮುಚ್ಚಳದ ಮೇಲೆ.

ಯಾರೂ ಏಳಲಿಲ್ಲ.

ಆ ಇಕ್ಕಟ್ಟಿನ ಮಜವನ್ನು ನಾನು ಹೇಗೆ ಹೇಳಲಿ! ಕುಂಕುಮ ಇಲ್ಲದೆ ಎದ್ದು ಹೋದರೆ ಅಪಶಕುನ. ಅತ್ತೆಯ ಕೈಯಿಂದ ಇಸಿದುಕೊಂಡರೆ ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅಪಶಕುನ. ನಾವು ಹಾಗೆಲ್ಲ ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಿದ ಮೇಲೆ, ನಂಬುತ್ತೇವೆ ಎಂದು ತೋರಿಸಿಕೊಳ್ಳುವುದೂ ಕಷ್ಟ. ಒಬ್ಬರು ಇನ್ನೊಬ್ಬರಿಗೆ ಮೊಣಕೈಯಿಂದ ತಿವಿದರು. "ತುಮ್ಹೀ ಜಾ ನಾ." "ನಾನ್ಯಾಕ್ರೀ? ನೀವೇ ಹೋಗಿ." ಕೊನೆಗೆ ಎಲ್ಲರೂ ತಮಗೆ ಹೊತ್ತೇನೂ ಆಗಿಲ್ಲವೆಂದು ನಿರ್ಧರಿಸಿ, ಬೇರೆ ದಾರಿಯಿಲ್ಲದೆ ಆಟ ನೋಡತೊಡಗಿದರು.

ಮೊದಲು ಹುಡುಗಿಯರ ಚಡ್ಡಿ ಎಷ್ಟು ಗಿಡ್ಡ ಎಂಬ ಚರ್ಚೆಯಾಯಿತು. ಆಮೇಲೆ ಕೋರಾಡಿಯ ಹುಡುಗಿಯೊಬ್ಬಳು ನನ್ನ ಮಗಳ ಹೆಗಲೇರಿ ಚೆಂಡು ಕಿತ್ತುಕೊಂಡಳು. "ಅಗ ಬಾಈ! ಪೋರಿಚ್ಯಾ ಅಂಗಾವರ್ ಚಢಲೀ!" ಎಂದು ಮೂರನೆಯ ಸಾಲಿನಿಂದ ಒಬ್ಬರು ಎದ್ದು ನಿಂತರು. ಅವರು ಮತ್ತೆ ಕೂರಲಿಲ್ಲ. ಚೆಂಡು ಯಾವ ಸಂದಿಯಲ್ಲಿ ಹೋದರೂ ಇವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು, ಎದುರಾಳಿಗೆ ಅಂಕ ಬಂದರೂ ಬಳೆ ಕುಣಿಸುತ್ತಿದ್ದರು. ಇರಲಿ, ಗದ್ದಲ ಗದ್ದಲವೇ. ವಾಕಿಂಗ್ ನಿವೃತ್ತರು, ಇಷ್ಟು ಹೆಂಗಸರು ಏನು ನೋಡುತ್ತಿದ್ದಾರೆ ಎಂದು ಮೊಟ್ಟಮೊದಲ ಬಾರಿಗೆ ಕತ್ತು ತಿರುಗಿಸಿದರು; ಆಮೇಲೆ ಜೆಸಿಬಿಯ ಗುಂಡಿ ನೋಡಲು ನಿಂತಂತೆ ನಿಂತರು.

ಕೊನೆಯ ಭಾಗದಲ್ಲಿ ಸೆಕ್ರೆಟರಿ ಬಂದರು. ಗೇಟಿನಲ್ಲೇ ನಿಂತು, ಇದು ತಮ್ಮ ಮೈದಾನವೇ ಹೌದೋ ಅಲ್ಲವೋ ಎಂದು ನೋಡಿದರು. ಅಂಕ ಸಮಸಮ. ಮಗಳ ಮೊಣಕಾಲು ತರಚಿ ಮಣ್ಣು ಮೆತ್ತಿತ್ತು. ಕೋರಾಡಿಯ ಉದ್ದನೆಯ ಹುಡುಗಿಗೆ ಚೆಂಡು ಸಿಕ್ಕಿತು, ಒದ್ದಳು. ಗುರಿ ತಪ್ಪಿತು. ಚೆಂಡು ಪಕ್ಕದ ಸಂದಿಯಲ್ಲಿ ಹೋಯಿತು. ನಮ್ಮ ಹೆಂಗಸರೆಲ್ಲ, ತಪ್ಪಿತಲ್ಲ, ಬದುಕಿದೆವು ಎಂದು ಕುಣಿದರು. ಆಟ ಮುಗಿಯಿತೆಂದು ಸೀಟಿ ಕೇಳಿತು. ಕುಣಿಯುತ್ತಿದ್ದವರ ಎದುರಿಗೆ ಕೋರಾಡಿಯವರೂ ಕುಣಿಯತೊಡಗಿದರು. ಆ ಒಂದು ಅಂಕದಿಂದ ಅವರು ಗೆದ್ದಿದ್ದರು.

ಮೇಲಿನ ಮನೆಯವರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಮೈದಾನ ದಾಟಿ, ಆಟ ಗೊತ್ತಿದ್ದ ಏಕೈಕ ವ್ಯಕ್ತಿಯ ಕಡೆಗೆ ದಾಪುಗಾಲು ಹಾಕಿದರು. ನಾವೆಲ್ಲ ಹಿಂದಿನಿಂದ ಓಡಿದೆವು.

"ಅಲ್ಲಾ ಅಜ್ಜಿ, ತಪ್ಪಿದ್ದಕ್ಕೂ ಮಾರ್ಕ್ಸ್ ಕೊಡ್ತಾರಾ? ಇದ್ಯಾವ ಸೀಮೆ ನ್ಯಾಯ?"

"ಹತ್ರ ಹ್ವಾತಲ್ಲವಾ, ಅದಕ್ಕ ಒಂದು," ಎಂದರು ಅತ್ತೆ. "ನಮ್ಮ ಹುಡಿಗ್ಯಾರಿಗೂ ಹಿಂಗ ನಾಕು ಸಿಕ್ಕಾವು. ಆವಾಗ ನೀವು ಎಳ್ಳು-ಬೆಲ್ಲ ತಿನ್ನಾಕ ಹತ್ತಿದ್ರಿ."

"ಆದ್ರೂ ಇದು ಅನ್ಯಾಯ ಕಣ್ರೀ. ಮುಂದಿನ್ ವರ್ಷ ಇವ್ರಿಗೆ ತೋರಿಸ್ಬೇಕು," ಎನ್ನುತ್ತ ಮೇಲಿನ ಮನೆಯವರು ಸಿಟ್ಟಿನ ಭರದಲ್ಲಿ ಕೈ ಚಾಚಿದರು. ಅತ್ತೆ ಭರಣಿ ಕೊಟ್ಟರು. ಕೈಯಿಂದ ಕೈಗೆ. ಮೇಲಿನ ಮನೆಯವರು ಮುಚ್ಚಳ ತೆಗೆದು ತಮ್ಮ ಹಣೆಗೆ ಇಟ್ಟುಕೊಂಡು, ಪಕ್ಕದವರಿಗೆ ದಾಟಿಸಿದ ಮೇಲೆಯೇ ಅವರಿಗೆ ಏನಾಯಿತೆಂದು ಹೊಳೆದದ್ದು. ಒಂದು ಕ್ಷಣ ಅತ್ತೆಯ ಮುಖ ನೋಡಿದರು. ಅತ್ತೆ ಅಂಪೈರನ್ನು ಬೈಯುತ್ತಿದ್ದರು. ಭರಣಿ ಅಷ್ಟರಲ್ಲಿ ನಾಲ್ಕನೆಯವರ ಕೈಗೆ ಹೋಗಿತ್ತು; ಮರಳಿ ಕೇಳುವುದು ಚೆನ್ನಾಗಿರುತ್ತಿರಲಿಲ್ಲ.

ಇದರಿಂದ ಯಾರ ಮನಸ್ಸೂ ಬದಲಾಯಿತೆಂದು ನಾನು ಹೇಳುವುದಿಲ್ಲ. ಮುಂದಿನ ವಾರವೇ ಇನ್ನೊಂದು ಮನೆಯವರು ಬಂದು ನನ್ನ ಕಿವಿಯಲ್ಲಿ, ನೀವೊಬ್ಬರೇ ಬನ್ನಿ ಎಂದು ಹೇಳಿಹೋದರು.

ಸೆಕ್ರೆಟರಿ ನಮ್ಮ ಕಡೆ ಬಂದರು. ಸೋತ ತಂಡದ ಕಡೆ ನೋಡಲಿಲ್ಲ, ಗೆದ್ದವರ ಕಡೆಯೂ ನೋಡಲಿಲ್ಲ. ಕುಂಕುಮ ಹಚ್ಚಿಕೊಳ್ಳುತ್ತಿದ್ದ ಹೆಂಗಸರ ಸಾಲನ್ನು ನೋಡಿ ಅವರ ಕಣ್ಣು ತುಂಬಿತು. "ವಾಹ್ ಭಾಭೀಜೀ! ಇಸಕೋ ಬೋಲತೇ ಹೈಂ ಮಹಿಳಾ ಕಾರ್ಯಕ್ರಮ. ಅಗಲೇ ಸಾಲ್ ಭೀ ಕರಿಯೇ, ಗ್ರೌಂಡ್ ಪಕ್ಕಾ."

"ಔರ್ ಮ್ಯಾಚ್?" ಎಂದೆ.

"ಹಾಂ ಹಾಂ, ಸಾಥ್ ಮೇಂ ವೋ ಭೀ ಕರ್ ಲೇನಾ, ಬಚ್ಚಿಯಾಂ ಖೇಲ್ ಲೇಂಗೀ."

ಮಗಳು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು, ಯಾರಿಗೂ ಕಾಣದಂತೆ ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಗ್ರೌಂಡ್ ಸಿಗ್ತಾ?" ಎಂದಳು, ಮುಖ ಎತ್ತದೆ.

"ಸಿಕ್ತು. ಅರಿಶಿನ-ಕುಂಕುಮಕ್ಕ ಸಿಕ್ತು. ಅದರ ಜೋಡಿ ನೀವೂ ಆಡಬಹುದಂತ."

ಅವಳು ಮೂಗು ತೋಳಿಗೆ ಒರೆಸಿಕೊಂಡು ಯೋಚಿಸಿದಳು. "ಚಲೇಗಾ," ಎಂದಳು. ಎದ್ದು ಕುಂಟುತ್ತ ಹೋಗಿ, ಬಿದಿರು ಕಿತ್ತು ಗುಂಡಿ ಮುಚ್ಚಲು ಶುರುಮಾಡಿದ್ದ ಪೆಂಡಾಲಿನವನ ಮೇಲೆ ಕೂಗಿದಳು: "ಭೈಯಾ, ಗಡ್ಢಾ ಮತ್ ಭರನಾ. ಕಲ್ ಪ್ರ್ಯಾಕ್ಟೀಸ್ ಹೈ!"