ಬಿಸಿಯಾಗಬೇಕಿದ್ದ ಚಿಪ್

ಬೆಹಾಲಾ ಬಡಾವಣೆಯ ನಮ್ಮ ಮನೆಯಲ್ಲಿ ತಂಗಿ ಒಂದು ಚಿಪ್ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅದರಲ್ಲಿ ಲೆಕ್ಕ ಮಾಡುವ ಬಲವಾದ ದೊಡ್ಡ ಕೋರ್‌ಗಳೂ ಕಡಿಮೆ ಕರೆಂಟು ತಿನ್ನುವ ಚಿಕ್ಕ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ. ಬಿಸಿಯಾದರೆ ಕೆಲಸ ಚಿಕ್ಕವಕ್ಕೆ ಹೋಗಬೇಕು. ಅದಕ್ಕೆಂದೇ ಅವಳ ಪ್ರೋಗ್ರಾಮು. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು, ಅವಳು ಚಿಪ್ ಚಾಲೂ ಬಿಟ್ಟು ಯೂನಿವರ್ಸಿಟಿಗೆ ಹೋದಾಗ, ಅದು ಸುಟ್ಟುಹೋದೀತೆಂದು ಟೇಬಲ್ ಫ್ಯಾನ್ ಅದರತ್ತ ತಿರುಗಿಸುತ್ತಿದ್ದೆ.

ಕೆಲಸ ಚಿಕ್ಕವಕ್ಕೆ ಹೋಗಲೇ ಇಲ್ಲ. ಮೂರನೆಯ ದಿನ, ಗಾಳಿಗೆ ಅದು ಬಿಸಿಯೇ ಆಗುತ್ತಿಲ್ಲವೆಂದು ಹೊಳೆದು ಫ್ಯಾನ್ ನಿಲ್ಲಿಸಿದೆ. ಅಷ್ಟರಲ್ಲಿ ಅವಳು ಪ್ರೋಗ್ರಾಮನ್ನು ತಿದ್ದಿ ಕೆಡಿಸಿಕೊಂಡಿದ್ದಳು. ಹೆದರಿ ಬಾಯಿ ಬಿಡಲಿಲ್ಲ. ವಾರದ ಕೊನೆಗೆ ಹೇಳಿದೆ.

"ಎಂತ ಅಣ್ಣಾ, ಅದಕ್ಕೆ ಸೆಕೆ ಆಗ್ಲಿ ಅಂತ್ಲೇ ಬಿಟ್ಟದ್ದು!" ಎಂದು ನಕ್ಕಳು.

ಹಳೆಯ ಪ್ರೋಗ್ರಾಮೇ ಸರಿಯಿತ್ತು. ಮರುದಿನ ಅದನ್ನೇ ಹಾಕಿದಳು, ಬಿಸಿಯಾದೊಡನೆ ಕೆಲಸ ಚಿಕ್ಕವಕ್ಕೆ ಹೋಯಿತು. ಆದರೆ ಆ ವಾರ ಅವಳು ತನ್ನನ್ನೇ ದಡ್ಡಿ ಎಂದು ಬೈದುಕೊಂಡಾಗಲೆಲ್ಲ ನಾನು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ.